ಗುಡಿಯ ಬಡಗಲ ನೆಲ

ನಮ್ಮ ಹಟ್ಟಿಯ ಬೀರಪ್ಪನ ಗುಡಿಯ ಮುಂದೆ ಮೊದಲು ಕಾಂಕ್ರೀಟು ನೆಲ ಹಾಕಿದವನು ನಾನು. ಈ ಮಾತನ್ನು ಎಲ್ಲಕ್ಕಿಂತ ಮುಂಚೆ ಬರೆದುಬಿಡುತ್ತೇನೆ. ಆರು ವರ್ಷ ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಹೇಳಲೇಬೇಕಾಗಿದ್ದ ಒಂದು ದಿನ ಮಾತ್ರ ಬೇರೆ ಯಾರೋ ಹಾಕಿದ್ದು ಎಂದೆ.

ನನ್ನ ಹೆಸರು ಪಾಲಯ್ಯ. ಕುರಿ ಕಾಯುವ ಕುಲದಲ್ಲಿ ಹುಟ್ಟಿದರೂ ಕೈ ಹಿಡಿದದ್ದು ಕರಣೆ. ಹೊಳಲ್ಕೆರೆಯ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಗಾರೆ ಕೆಲಸ ಕಲಿತು, ಹೊಸದುರ್ಗ, ಹಿರಿಯೂರು, ದುರ್ಗ ಎಂದು ನಲವತ್ತು ವರ್ಷ ಮನೆ ಕಟ್ಟಿದೆ. ನನ್ನ ಹೆಂಡತಿ ನಿಂಗಕ್ಕ ಮದುವೆಯಾದ ವರ್ಷದಿಂದಲೇ ನನ್ನ ಜೊತೆ ಕೆಲಸಕ್ಕೆ ಬಂದವಳು. ನೆಲ ಹಾಕುವ ಮುಂಚೆ ಮಣ್ಣನ್ನು ಬಡಿದು ಗಟ್ಟಿ ಮಾಡಬೇಕಲ್ಲ, ಅದು ಅವಳ ಕೆಲಸ. ಅದಕ್ಕೆ ನಾವು ದಿಮ್ಮಸ್ಸು ಎನ್ನುವ ಸಾಧನ ಇರುತ್ತದೆ. ಕೆಳಗೆ ರೊಟ್ಟಿಯಗಲದ ದುಂಡು ಕಬ್ಬಿಣ, ಮೇಲೆ ಎದೆಯೆತ್ತರದ ಮರದ ಹಿಡಿ. ಅದನ್ನು ಎತ್ತಿ ಎತ್ತಿ ಕುಕ್ಕುತ್ತಾ ಅವಳು ಮಣ್ಣಿನ ಸದ್ದು ಕೇಳುತ್ತಿದ್ದಳು. ಸಾಲದಿದ್ದರೆ "ಇನ್ನೂ ಉಸಿರಾಡ್ತೈತೆ" ಎನ್ನುವಳು. ಸಾಕಾದರೆ "ಮಲಗ್ತು" ಎನ್ನುವಳು. ಅವಳು ಮಲಗ್ತು ಎಂದ ನೆಲ ಎಲ್ಲಿಯೂ ಕುಸಿದದ್ದನ್ನು ನಾನು ಕಾಣೆ.

ಗುಡಿಯ ಮುಂದಿನ ಜಾಗದಲ್ಲಿ ಎರಡು ಬಗೆಯ ಮಣ್ಣಿತ್ತು. ತೆಂಕಲ ಅರ್ಧ ಕೆಂಪು ಗರಸು. ಹಾರೆ ಹಾಕಿದರೆ ಕಿಡಿ ಹಾರುವಂಥದ್ದು. ಬಡಗಲ ಅರ್ಧದಲ್ಲಿ ಹಿಂದೆ ದೇವರ ಕುರಿಗಳ ರೊಪ್ಪವಿತ್ತು. ನಾಲ್ಕು ತಲೆಮಾರು ಕುರಿಗಳನ್ನು ಅಲ್ಲೇ ಕೂಡುತ್ತಿದ್ದುದರಿಂದ ಹಿಕ್ಕೆ ಬಿದ್ದು, ತುಳಿದು, ಒಣಗಿ, ಮತ್ತೆ ಬಿದ್ದು, ಮೊಣಕಾಲುದ್ದ ಕಪ್ಪು ಪದರ ಕಟ್ಟಿತ್ತು. ನಿಂಗಕ್ಕ ಮೊದಲ ದಿನವೇ ದಿಮ್ಮಸ್ಸು ಎರಡು ಸಲ ಕುಕ್ಕಿ ನಿಲ್ಲಿಸಿದಳು.

"ಇದು ಮಣ್ಣಲ್ಲ, ಗೊಬ್ಬರ," ಎಂದಳು. "ಇವತ್ತು ಬಡಿದ್ರೆ ಗಟ್ಟಿ ಅನ್ನಿಸ್ತೈತೆ. ನಾಕು ಮಳೆ ಆದ್ರೆ ಒಳಗೇ ಕೊಳೆತು ಇಳೀತೈತೆ. ತಳದ ಗರಸು ಸಿಗೋಗಂಟ ತೆಗೀಬೇಕು."

ಪೂಜಾರಿ ಚಿತ್ರಲಿಂಗಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು.

"ಬೀರಪ್ಪನ ಕುರಿ ಮಲಗಿದ ಮಣ್ಣು ಕಣಕ್ಕ ಇದು. ನಮ್ಮ ಮುತ್ತಾತನ ಕಾಲದಿಂದ ಹಣೆಗೆ ಹಚ್ಕಂಡು ಬಂದೀವಿ. ತಿಪ್ಪೆಗೆ ಹಾಕು ಅಂತೀಯಾ?"

"ತಿಪ್ಪೆಗೆ ಯಾಕೆ, ಹೊಲಕ್ಕೆ ಹೊಡೀರಿ. ರಾಗಿ ಬೆಳೀತೈತೆ. ಬೀರಪ್ಪ ಏನು ಬ್ಯಾಡ ಅಂತಾನಾ?"

ಅಲ್ಲಿದ್ದವರು ನಕ್ಕರು. ಹೆಂಡತಿಯ ಮಾತಿಗೆ ಜನ ನಕ್ಕದ್ದು ನನಗೆ ಹಿಡಿಸಲಿಲ್ಲ. "ಸುಮ್ನಿರು," ಎಂದೆ. "ದೇವರ ಕೆಲಸದಾಗೆ ಬಾಯಿ ಹಾಕ್ಬ್ಯಾಡ. ತೋರಿಸಿದ ಜಾಗ ಬಡಿ."

ಅವಳು ಬಡಿದಳು. ನಾಲ್ಕು ದಿನ ಬಡಿದಳು. ಮಲಗ್ತು ಎಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೆ ಆ ಕಪ್ಪು ಮಣ್ಣನ್ನು ತೆಗೆದು ಗರಸು ತುಂಬಿ ಬಡಿಯಲು ಇನ್ನೂ ಎಂಟು ಹತ್ತು ದಿನ ಹಿಡಿಯುತ್ತಿತ್ತು. ನೆಲ ದೇವರಿಗೆ ಒಪ್ಪಿಸುವ ಸೋಮವಾರ ಆಗಲೇ ಗೊತ್ತಾಗಿತ್ತು. ಆ ದಿನ ಮೇಸ್ತ್ರಿಗೆ ಮುಂಡಾಸು ಸುತ್ತುವುದೆಂದೂ ಮಾತಾಗಿತ್ತು. ದೇವರ ಮಣ್ಣು ಎಂದು ಪೂಜಾರಿ ಅಂದದ್ದು ನನಗೆ ಅನುಕೂಲವಾಯಿತು. ನನ್ನ ಅವಸರಕ್ಕೆ ಭಕ್ತಿಯ ಹೊದಿಕೆ ಹೊದಿಸಿದೆ. ನಡುವೆ ಸಂದು ಬಿಟ್ಟು, ನಾಲ್ಕು ಅಂಗುಲ ದಪ್ಪಕ್ಕೆ, ತೆಂಕಲು ಒಂದು ಹಾಸು, ಬಡಗಲು ಒಂದು ಹಾಸು ಹಾಕಿದೆ. ಸೋಮವಾರ ಮುಂಡಾಸು ಸುತ್ತಿಸಿಕೊಂಡೆ.

ಒಂದೂವರೆ ವರ್ಷ ಏನೂ ಆಗಲಿಲ್ಲ. ಆಮೇಲೆ ನಮ್ಮ ಹಟ್ಟಿಯ ಪಕ್ಕದ ಕರೇಗುಡ್ಡದ ಹಿಂದೆ ಕಲ್ಲು ಕ್ವಾರಿ ಶುರುವಾಯಿತು.

ನಮ್ಮಲ್ಲಿ ಕುರಿ ಈದಾಗ ಮೊದಲ ಹಾಲನ್ನು ಮನೆಯವರು ಬಾಯಿಗೆ ಹಾಕುವುದಿಲ್ಲ. ಅದು ದೇವರ ಮೀಸಲು. ಅದನ್ನು ಹೊಸ ಮಡಕೆಗೆ ತುಂಬಿ ಮನೆಯ ಹೆಂಗಸು ತಲೆಯ ಮೇಲೆ ಹೊತ್ತು ಸೋಮವಾರ ಮಧ್ಯಾಹ್ನದ ಮಂಗಳಾರತಿಗೆ ತರಬೇಕು. ಗಂಡಸರು ತೆಂಕಲ ಕಡೆ ನಿಲ್ಲುವುದು, ಹೆಂಗಸರು ಬಡಗಲ ಕಡೆಯಿಂದ ನಡೆದು ಬರುವುದು ಹಿಂದಿನಿಂದ ಬಂದ ಪದ್ಧತಿ. ಆ ಸೋಮವಾರ ನಿಂಗಕ್ಕ ಮಡಕೆ ಹೊತ್ತು ಬಡಗಲ ನೆಲದ ನಡುವಿಗೆ ಬಂದಿದ್ದಳು. ಆಗ ಅವಳ ಕಾಲಡಿಯಲ್ಲಿ ನೆಲ ಧಿಮ್ಮೆಂದು ಸದ್ದು ಮಾಡಿತು. ದೊಡ್ಡ ತಮಟೆಯ ಮೇಲೆ ಅಂಗೈ ಬಡಿದ ಹಾಗೆ. ಅವಳು ಬೆಚ್ಚಿದಳು. ಮಡಕೆ ಜಾರಿ ಒಡೆದು ಹಾಲೆಲ್ಲ ಚೆಲ್ಲಿತು.

ಆಮೇಲೆ ಚಿತ್ರಲಿಂಗಪ್ಪ ಮೆಲ್ಲಗೆ, "ದೇವರು ಬ್ಯಾಡ ಅಂದ," ಎಂದ. ಅವನಲ್ಲಿ ಕೆಟ್ಟತನವಿರಲಿಲ್ಲ, ಹೆದರಿದ್ದ. ಹೆಂಗಸರೆಲ್ಲ ನಿಂಗಕ್ಕನಿಂದ ಒಂದು ಹೆಜ್ಜೆ ಹಿಂದೆ ಸರಿದರು. ದೇವರು ಬಲಗಡೆಯಿಂದ ಹೂ ಬೀಳಿಸಿ ಅಪ್ಪಣೆ ಕೊಡುವವರೆಗೆ ಅವಳು ಗುಡಿಯ ನೆಲ ಮೆಟ್ಟಬಾರದೆಂದು ಹಿರಿಯರು ಅಂದರು. ಅವಳ ಹೆಸರಿನಲ್ಲಿ ಇಟ್ಟ ಹೂ ಅಂದು ಎಡಕ್ಕೆ ಬಿತ್ತು. ಮತ್ತೆ ಕೇಳಿಸಲು ನಾನು ಮುಂದಾಗಲಿಲ್ಲ.

ನಾನು ತೆಂಕಲ ಕಡೆ ನಿಂತಿದ್ದೆ. ಬರಿಗಾಲಿನ ಅಂಗಾಲಿಗೆ ಸಣ್ಣದೊಂದು ಅದುರು ಬಂದದ್ದು ನನಗೆ ತಿಳಿದಿತ್ತು. ನೆಲ ಸದ್ದು ಮಾಡಿ ಮೂರು ಎಣಿಸುವಷ್ಟರಲ್ಲಿ ಗುಡ್ಡದ ಆಚೆಯಿಂದ ಕಲ್ಲು ಸಿಡಿದ ಸದ್ದು ಕೇಳಿದ್ದೂ ತಿಳಿದಿತ್ತು. ಜನ ಚದುರಿದ ಮೇಲೆ ಕೋಲಿನ ತುದಿಯಿಂದ ನೆಲವನ್ನು ಅಲ್ಲಲ್ಲಿ ತಟ್ಟಿ ನೋಡಿದೆ. ತೆಂಕಲು ಕಲ್ಲು ತಟ್ಟಿದ ಹಾಗೆ ಮೊಂಡು ಸದ್ದು. ಬಡಗಲು ಖಾಲಿಯಾದ ಕಾಳಿನ ವಾಡೆಯನ್ನು ತಟ್ಟಿದ ಹಾಗೆ. ಕಪ್ಪು ಮಣ್ಣು ಇಳಿದುಹೋಗಿ ಕಾಂಕ್ರೀಟಿನ ಕೆಳಗೆ ಟೊಳ್ಳು ಬಿದ್ದಿತ್ತು. ನಲವತ್ತು ವರ್ಷದ ಮೇಸ್ತ್ರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ನಿಂಗಕ್ಕ ಒಲೆಯ ಮುಂದೆ ಕುಳಿತಿದ್ದಳು. ನನ್ನ ಕೈಯ ಕೋಲನ್ನೂ ಅದರ ತುದಿಗೆ ಹತ್ತಿದ ಸಿಮೆಂಟಿನ ಧೂಳನ್ನೂ ನೋಡಿದಳು.

"ತಟ್ಟಿ ನೋಡಿದ್ಯಾ?"

ಕೋಲನ್ನು ಮೂಲೆಗಿಟ್ಟೆ.

"ನಾಳೆ ಹೇಳ್ತೀಯಾ?"

"ನೋಡಾಣ," ಎಂದೆ.

ಆ ನೋಡಾಣ ನಾಲ್ಕು ವರ್ಷವಾಯಿತು. ಕ್ವಾರಿಯವರು ಹತ್ತು ಹದಿನೈದು ದಿನಕ್ಕೊಮ್ಮೆ, ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ, ಯಾವ ವಾರವೆಂದಿಲ್ಲದೆ ಸಿಡಿಸುತ್ತಿದ್ದರು. ಅದು ಸೋಮವಾರ ಬಿದ್ದರೆ ಮಂಗಳಾರತಿಯ ಹೊತ್ತಿಗೆ ನೆಲ ನುಡಿಯುವುದು. ಮೀಸಲು ಹೊತ್ತವಳ ಕಾಲಡಿಯಲ್ಲಿ ನುಡಿದರೆ ಕೇಡು, ಉಳಿದಂತೆ ದೇವರ ಮಾತು ಎಂದಾಯಿತು. ಗುಡ್ಡದ ಸದ್ದಿಗೂ ಇದಕ್ಕೂ ಯಾರೂ ನಂಟು ಹಾಕಲಿಲ್ಲ; ಏಕೆಂದರೆ ನೆಲ ಮೊದಲು, ಗುಡ್ಡ ಆಮೇಲೆ. "ಗುಡ್ಡ ಸಿಡಿಯೋದು ಬೀರಪ್ಪಗೆ ಮೊದ್ಲೇ ತಿಳೀತೈತೆ," ಎಂದು ಜನ ಕೈಮುಗಿದರು. ಯಲ್ಲದಕೆರೆಯಿಂದ, ಆದಿವಾಲದಿಂದ ನೆಂಟರು ಬಂದರೆ ಕರೆತಂದು ತೋರಿಸಿದರು. "ಪಾಲಣ್ಣ ಹಾಕಿದ ನೆಲದಾಗೆ ದೇವರು ಮಾತಾಡ್ತಾನೆ" ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯವೆಂದುಕೊಂಡರು.

ನಿಂಗಕ್ಕ ಪ್ರತಿ ಸೋಮವಾರ ಗುಡಿಗೆ ಬರುವುದನ್ನು ಬಿಡಲಿಲ್ಲ. ನೆಲದ ಅಂಚಿನ ಹೊರಗೆ ಬನ್ನಿಮರವಿದೆ. ಅದರ ಬುಡದಲ್ಲಿ ನಿಂತು ಮೀಸಲಿನ ಮಡಕೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಒಳಗೆ ಒಯ್ಯುತ್ತಿದ್ದೆ. ನೆಲ ನುಡಿದಾಗ ಜನ ದೇವರ ಕಡೆ ನೋಡಿದರೆ ಅವಳು ನನ್ನ ಕಡೆ ನೋಡುತ್ತಿದ್ದಳು. ಸುಗ್ಗಿಯಾದ ಮೇಲೆ ಹಟ್ಟಿಯವರು ಆ ನೆಲದ ಮೇಲೆ ರಾಗಿ ಹರವಿ ಒಣಗಿಸುವುದುಂಟು. ಒಂದು ದಿನ ಅವಳು ಮನೆಗೆ ಬಂದು, "ಇವತ್ತು ಗುಡ್ಡ ಸಿಡಿದಾಗ ಬಡಗ್ಲು ರಾಗಿ ಕುಣೀತು. ತೆಂಕ್ಲು ರಾಗಿ ಮಲಗಿತ್ತು," ಎಂದಳು. ಬೈಗುಳವಿಲ್ಲ, ಅಳುವಿಲ್ಲ. ಇನ್ನೊಂದು ದಿನ ತಾನಾಗಿಯೇ ಅಂದಳು:

"ನಿನಗೆ ಗೊತ್ತೈತೆ. ನನಗೂ ಗೊತ್ತೈತೆ. ಬೀರಪ್ಪಗೂ ಗೊತ್ತೈತೆ. ಹಟ್ಟಿಯೋರಿಗೆ ಮಾತ್ರ ಗೊತ್ತಿಲ್ಲ, ಪಾಪ."

ಹೋದ ವರ್ಷ ಮಾಘದಲ್ಲಿ ಅವಳಿಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ದುರ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಕಿಟಕಿಯಿಂದ ಜೋಗಿಮಟ್ಟಿಯ ಗುಡ್ಡ ಕಾಣುತ್ತಿತ್ತು, ಅದನ್ನೇ ನೋಡುತ್ತಿದ್ದಳು. ನೆಲದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಹೇಳುತ್ತೇನೆಂದು ಮಾತು ಕೊಡುತ್ತಿದ್ದೆ. ನನ್ನ ಮಾತು ಎಷ್ಟು ಬಾಳುತ್ತದೆಂದು ಅವಳಿಗೆ ತಿಳಿದಿತ್ತು. ಹತ್ತನೆಯ ದಿನ ಅವಳ ಹೆಣವನ್ನು ಹಟ್ಟಿಗೆ ತಂದೆವು. ಮಣ್ಣು ಮಾಡುವಾಗ ಗುಂಡಿಯ ಮಣ್ಣನ್ನು ನಾನೇ ತುಳಿದೆ. ಮಲಗ್ತು ಎಂದು ಹೇಳುವವರು ಇರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ನನ್ನ ಎದೆಯಲ್ಲೇ ಇಟ್ಟುಕೊಂಡು ಹೋಗುತ್ತಿದ್ದೆನೋ ಏನೋ.

ಈ ವರ್ಷ ಕಾರ್ತಿಕದಲ್ಲಿ ಹುಲಿಗೆಮ್ಮನ ಮಗ ಮಂಜುನಾಥನಿಗೆ ಮದುವೆಯಾಯಿತು. ಹುಡುಗಿ ಹೊಸದುರ್ಗದ ಕಡೆಯವಳು, ಹೆಸರು ದುರ್ಗಾ. ಹೊಲಿಗೆ ಬಲ್ಲವಳು, ನಗುಮುಖದವಳು. ಮದುವೆಯಾದ ತಿಂಗಳಿಗೆ ಅವರ ಕುರಿ ಈದು, ಅವಳು ಮೊದಲ ಸಲ ಮೀಸಲು ಹೊತ್ತು ತಂದಳು. ಬಡಗಲ ನೆಲದ ನಡುವಿಗೆ ಬಂದಾಗ ನೆಲ ನುಡಿಯಿತು.

ಅವಳು ಮಡಕೆ ಬೀಳಿಸಲಿಲ್ಲ. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ನಿಂತಳು. ಆದರೆ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ನಾಲ್ಕು ವರ್ಷದ ಹಿಂದೆ ಸರಿದಿದ್ದಂತೆಯೇ.

"ನಿಂಗಕ್ಕಗೆ ಆದಂಗೇ ಆತಲ್ಲ," ಎಂದ ಚಿತ್ರಲಿಂಗಪ್ಪ.

ನನ್ನ ಹೆಂಡತಿಯ ಹೆಸರು ಆ ಗುಡಿಯಲ್ಲಿ ಉಳಿದದ್ದು ಹೀಗೆ; ಒಂದು ಕೇಡಿನ ಗುರುತಾಗಿ. ಹುಡುಗಿ ಮುಂದಿನ ಸೋಮವಾರದವರೆಗೆ ನೆಲ ಮೆಟ್ಟದೆ, ಗುಡಿಗೆ ಬಂದರೆ ಬನ್ನಿಮರದ ಬುಡದಲ್ಲೇ ನಿಲ್ಲಲಿ, ಆ ದಿನ ಹೂ ಕೇಳೋಣ ಎಂದಾಯಿತು. ಹೂ ಎಡಕ್ಕೆ ಬಿದ್ದರೆ ತವರಿಗೆ ಬಿಟ್ಟುಬರುವುದು ಒಳ್ಳೆಯದೆಂದು ಹುಲಿಗೆಮ್ಮನ ಮನೆಯ ನೆಂಟರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ನಾನು ತೆಂಕಲ ಕಡೆ ನಿಂತು ಎಲ್ಲವನ್ನೂ ಕೇಳಿದೆ.

ಆ ಗುರುವಾರ ದುರ್ಗದಿಂದ ಕಿರಣ್‌ಕುಮಾರ್ ಎಂಬ ಇಂಜಿನಿಯರ್ ಬಂದ. ಕ್ವಾರಿಯ ಸಿಡಿತಕ್ಕೆ ಗೋಡೆ ಬಿರುಕು ಬಿಡುತ್ತಿವೆ ಎಂದು ನಮ್ಮವರು ಅರ್ಜಿ ಕೊಟ್ಟಿದ್ದರು. ನೆಲದ ಅದುರನ್ನು ಅಳೆಯಲು ಅವನನ್ನು ಕಳಿಸಿದ್ದರು. ಊಟದ ಡಬ್ಬಿಯಷ್ಟು ದೊಡ್ಡ ಎರಡು ಹಳದಿ ಪೆಟ್ಟಿಗೆ ತಂದಿದ್ದ. ಒಂದನ್ನು ಬನ್ನಿಮರದ ಹತ್ತಿರ ಮಣ್ಣಿಗೆ ಮೊಳೆ ಊರಿ ನಿಲ್ಲಿಸಿದ. ಇನ್ನೊಂದನ್ನು ಬಡಗಲ ನೆಲದ ಮೇಲೆ ಇಟ್ಟ. ಅಳತೆಗೆಂದೇ ಒಂದು ಗಂಟೆಗೆ ಸಿಡಿಸಿದರು. ನೆಲ ನುಡಿಯಿತು. ಅವನು ಎರಡು ಪೆಟ್ಟಿಗೆಯ ಅಂಕಿಗಳನ್ನೂ ನೋಡಿ ಹುಬ್ಬು ಗಂಟಿಕ್ಕಿದ. ನಾನೊಬ್ಬನೇ ಹತ್ತಿರದಲ್ಲಿದ್ದೆ.

"ಅಜ್ಜ, ಮಣ್ಣಿನ ಮೇಲೆ ಅದುರು ಒಂದು ಪಾಲು ಇದ್ರೆ ಇದರ ಮೇಲೆ ಮೂರು ಪಾಲು ತೋರಿಸ್ತಿದೆ. ಈ ಕಾಂಕ್ರೀಟು ಮಣ್ಣಿನ ಮೇಲೆ ಕೂತಿಲ್ಲ."

"ಹಂಗಂದ್ರೆ?" ಎಂದೆ, ಏನೂ ಅರಿಯದವನಂತೆ.

"ಗಟ್ಟಿ ಮಣ್ಣಿನ ಮೇಲೆ ಕೂತಿದ್ರೆ ಮಣ್ಣು ಅಲುಗಿದಷ್ಟೇ ಇದೂ ಅಲುಗುತ್ತೆ. ತನ್ನದೇ ಅಂತ ದನಿ ಇರಲ್ಲ. ಕೆಳಗೆ ಟೊಳ್ಳು ಬಿದ್ರೆ ತಮಟೆ ಚರ್ಮದ ಥರ ತಾನೇ ಬೇರೆ ಅದುರೋಕೆ ಶುರು ಮಾಡುತ್ತೆ. ಅದೇ ಆ ಸದ್ದು."

"ಸದ್ದು ಇಲ್ಲಿ ಮೊದ್ಲು ಬರ್ತೈತಲ್ಲಪ್ಪ, ಗುಡ್ಡದ್ದು ಆಮ್ಯಾಲೆ?"

"ಕಲ್ಲಿನೊಳಗೆ ಅದುರು ಓಡಿ ಬರುತ್ತೆ ಅಜ್ಜ. ಗಾಳಿಯಲ್ಲಿ ಸದ್ದು ನಡೆದು ಬರುತ್ತೆ." ಅವನು ಬಗ್ಗಿ ಬೆರಳ ಗಿಣ್ಣಿನಿಂದ ನೆಲ ತಟ್ಟಿದ. "ಇದನ್ನ ಹಾಕಿದ್ದು ಯಾರು? ಕೆಳಗಿನ ಮಣ್ಣು ನೋಡ್ಲೇ ಇಲ್ವಾ?"

ಕೇಳಿದವನು ಹೊರಗಿನವನು. ನಾಳೆ ಹೋಗುವವನು. ಅವನ ಮುಂದೆ ನಿಜ ಹೇಳಿದ್ದರೆ ನನ್ನ ತಲೆಯೇನೂ ಉರುಳುತ್ತಿರಲಿಲ್ಲ.

"ಹೊಳಲ್ಕೆರೆ ಕಡೆಯೋರು ಯಾರೋ," ಎಂದೆ. "ಹಾಕಿ ಹೋದ್ರು."

ಹಿಂದೆ ಬಳೆಯ ಸದ್ದಾಯಿತು. ನನ್ನ ಮಗಳು ಯಶೋದಾ ಇಂಜಿನಿಯರಿಗೆ ಕುಡಿಯಲು ಚೊಂಬಿನಲ್ಲಿ ನೀರು ತಂದಿದ್ದಳು. ಅವಳನ್ನು ನಮ್ಮ ಹಟ್ಟಿಗೇ ಕೊಟ್ಟಿದೆ. ಅವಳವ್ವ ಹೋದ ಮೇಲೆ ದಿನವೂ ಬಂದು ನನಗೆ ಬೇಯಿಸಿಟ್ಟು ಹೋಗುತ್ತಾಳೆ. ಅವನಿಗೆ ನೀರು ಕೊಟ್ಟಳು. "ಸೋಮವಾರ ಇನ್ನೊಂದು ಸಲ ಅಳೀಬೇಕು, ಅದಕ್ಕೆ ಅಂತಲೇ ಒಂದು ಗಂಟೆಗೆ ಸಿಡಿಸ್ತಾರಂತೆ," ಎಂದು ಅವನು ಹೇಳಿದ್ದನ್ನು ಕೇಳಿದಳು. ಚೊಂಬು ತೆಗೆದುಕೊಂಡು ಹೊರಟಳು. ನನ್ನ ಮುಖ ನೋಡಲಿಲ್ಲ.

ನಾನು ಮನೆ ಸೇರುವಷ್ಟರಲ್ಲಿ ಅವಳು ಅಟ್ಟದ ಮೇಲಿದ್ದ ದಿಮ್ಮಸ್ಸನ್ನು ಇಳಿಸಿ, ನಾನು ದಿನವೂ ಒರಗಿ ಕೂರುವ ಗೋಡೆಗೆ ನಿಲ್ಲಿಸಿದ್ದಳು. ಹಿಡಿಯ ಮರ ಅವಳವ್ವನ ಅಂಗೈ ಹಿಡಿದ ಎರಡು ಕಡೆ ಸವೆದು ನುಣುಪಾಗಿತ್ತು.

"ಇದು ಹೊಳಲ್ಕೆರೆಯಲ್ಲಿ ಯಾರದಪ್ಪ?" ಎಂದಳು. "ಕೊಟ್ಟು ಬರಾಣ ಅಂತ ಕೇಳ್ದೆ."

ಅಷ್ಟು ಹೇಳಿ ಮುದ್ದೆ ಬಡಿಸಿ ಹೋದಳು.

ಶುಕ್ರವಾರವೂ ಶನಿವಾರವೂ ಗುಡಿಗೆ ಹೋಗಿ ಕುಳಿತೆ. ಚಿಕ್ಕಂದಿನಿಂದ ಆ ದೇವರ ಮುಂದೆ ಬೇಡಿಕೊಂಡವನು ನಾನು. ಎಂದೂ ತೆಂಕಲ ಕಡೆಯೇ ಕುಳಿತು ಬೇಡಿಕೊಂಡಿದ್ದೇನೆ. ಅಲ್ಲಿ ಕುಳಿತವನಿಗೆ ದೇವರನ್ನು ನಂಬುವುದು ಸುಲಭ. ಕೆಳಗಿನ ನೆಲ ಗಟ್ಟಿಯಾಗಿದೆ. ಕಣ್ಣು ಮುಚ್ಚಿದರೆ ಬನ್ನಿಮರದ ಬುಡದಲ್ಲಿ ನಿಂತಿದ್ದ ನಿಂಗಕ್ಕನ ಕಾಲು ಕಾಣುತ್ತಿತ್ತು. ತಪ್ಪು ಕಾಯಪ್ಪ ಎನ್ನಲು ಬಾಯಿ ತೆರೆದೆ. ಕಾಯಬೇಕಾದವನು ಬೀರಪ್ಪನಲ್ಲವೆಂದು ಅನ್ನಿಸಿ ಬಾಯಿ ಮುಚ್ಚಿದೆ. ಭಾನುವಾರ ನಿಂಗಕ್ಕ ತುಂಬಿಟ್ಟಿದ್ದ ವಾಡೆಯಿಂದ ಒಂದು ಮೊರ ರಾಗಿ ತೆಗೆದಿಟ್ಟೆ.

ಸೋಮವಾರ ಹಟ್ಟಿಯೆಲ್ಲ ಗುಡಿಯ ಮುಂದೆ ಸೇರಿತ್ತು. ದುರ್ಗಾ ಬನ್ನಿಮರದ ಬುಡದಲ್ಲಿ ಮಡಕೆ ಹಿಡಿದು ನಿಂತಿದ್ದಳು. ಕಣ್ಣು ಊದಿದ್ದವು. ಮಂಜುನಾಥ ತೆಂಕಲ ಕಡೆಯಿಂದ ಅವಳನ್ನೇ ನೋಡುತ್ತಿದ್ದ. ಕಿರಣ್‌ಕುಮಾರ್ ಮರದ ಆಚೆ ಮಣ್ಣಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದ. ಚಿತ್ರಲಿಂಗಪ್ಪ ದೇವರ ಎರಡು ಭುಜಕ್ಕೂ ಹೂ ಏರಿಸಿ ತಿರುಗುವಾಗ ನಾನು ಮೊರ ಹಿಡಿದು ಮುಂದೆ ಬಂದೆ.

"ಒಂದು ಗಳಿಗೆ ತಡಿ ಚಿತ್ರಲಿಂಗ. ಹೂ ಆಮ್ಯಾಲೆ ಕೇಳುವೆಯಂತೆ."

ಬಡಗಲ ಕಡೆ ನಿಂತಿದ್ದ ಹೆಂಗಸರಿಗೆ, "ಎಲ್ಲಾರೂ ಈ ಕಡೆ ಬರ್ರಿ ತಾಯಿ, ತೆಂಕ್ಲಿಗೆ ಬರ್ರಿ," ಎಂದೆ. ಅವರು ಮುಖ ಮುಖ ನೋಡಿಕೊಂಡರು.

"ಗಂಡಸ್ರ ಕಡೆಗಾ?" ಎಂದಳು ಹುಲಿಗೆಮ್ಮ.

"ಇವತ್ತೊಂದು ದಿನ ಬಾರವ್ವ."

ಬಂದರು. ನಾನು ಬಡಗಲ ನೆಲದ ಮೇಲೆ ರಾಗಿಯನ್ನು ತೆಳ್ಳಗೆ ಹರವಿದೆ. ಸಂದು ದಾಟಿ ತೆಂಕಲಲ್ಲಿಯೂ ಒಂದು ಮಾರು ಜಾಗ ಬಿಡಿಸಿ ಹರವಿದೆ.

"ಏನ್ ಮಾವ, ಕೋಳಿ ಕರೀತೀಯಾ?" ಎಂದ ಹಿಂದಿನಿಂದ ಒಬ್ಬ. ನಾಲ್ಕು ಜನ ನಕ್ಕರು.

"ದೇವರ ಮುಂದೆ ಕಾಳು ಚೆಲ್ಲಿ ಏನು ಆಟ ಪಾಲಣ್ಣ ಇದು," ಎಂದ ಚಿತ್ರಲಿಂಗಪ್ಪ. ಅವನ ಮುಖ ಬಿಗಿದಿತ್ತು.

"ಕುಂತ್ಕಳ್ರಿ ಎಲ್ಲಾರೂ. ಕುಂತು ರಾಗಿ ನೋಡ್ರಿ."

ಕುಳಿತೆವು. ಹೊತ್ತು ಸರಿಯಿತು. ಯಾರೋ ಕೆಮ್ಮಿದರು. ಸಿಡಿಸುವುದನ್ನು ಇವತ್ತು ಬಿಟ್ಟುಬಿಟ್ಟರೇನೋ ಎಂದು ನನ್ನ ಮನಸ್ಸಿಗೆ ಬಂತು. ಬಂದ ಕೂಡಲೇ ಒಳಗೆ ಒಂದು ಸಮಾಧಾನವಾಯಿತು. ಆ ಸಮಾಧಾನವನ್ನೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅದೂ ನಾನೇ.

ನೆಲ ಧಿಮ್ಮೆಂದಿತು.

ಬಡಗಲಲ್ಲಿ ಯಾರೂ ಇರಲಿಲ್ಲ. ಯಾವ ಹೆಂಗಸಿನ ಕಾಲೂ ಅಲ್ಲಿರಲಿಲ್ಲ. ಹರವಿದ ರಾಗಿ ಒಟ್ಟಿಗೆ ಮೇಲೆದ್ದು, ಬಿದ್ದು, ಉರುಳಿತು. ಹಾಸಿನ ನಡುವೆ ಹೆಚ್ಚು ಕುಣಿಯಿತು, ಅಂಚಿನಲ್ಲಿ ಕಡಿಮೆ. ನಡುವೆ ಬೋಳಾಗಿ, ಕಾಳು ಅಂಚಿನ ಕಡೆ ಸರಿದು ನಿಂತಿತು. ತೆಂಕಲ ರಾಗಿ ಇದ್ದಲ್ಲೇ ಇತ್ತು. ಒಂದು, ಎರಡು, ಮೂರು ಎಂದು ನಾನು ಬಾಯಿಬಿಟ್ಟು ಎಣಿಸಿದೆ. ಗುಡ್ಡದ ಆಚೆಯಿಂದ ಸದ್ದು ಬಂತು.

ನಾನು ನಿಂತುಕೊಂಡೆ. ಹೇಗೆ ಹೇಳಬೇಕೆಂದು ಮೂರು ದಿನ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಗಿತ್ತು.

"ಇದು ದೇವರ ದನಿ ಅಲ್ಲ. ನನ್ನ ಕೆಲಸದ ದನಿ," ಎಂದೆ. "ಕೆಳಗೆ ಟೊಳ್ಳೈತೆ. ಗುಡ್ಡ ಅದುರಿದ್ರೆ ಇದು ನುಡೀತೈತೆ. ಯಾರ ಕಾಲಿಂದೂ ಅಲ್ಲ. ರೊಪ್ಪದ ಮಣ್ಣು ತೆಗೀಬೇಕು ಅಂತ ನಿಂಗಿ ಅವತ್ತೇ ಹೇಳಿದ್ಲು. ನಾನು ಅವಳ ಬಾಯಿ ಮುಚ್ಚಿಸ್ದೆ. ಮೊದ್ಲ ಸಲ ನುಡಿದ ದಿನವೇ ನಾನು ತಟ್ಟಿ ನೋಡಿದ್ದೆ. ನನಗೆ ಅವತ್ತಿಂದ ಗೊತ್ತಿತ್ತು."

ಚಿತ್ರಲಿಂಗಪ್ಪ ಬಗ್ಗಿ, ಬೋಳಾದ ಜಾಗವನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಿದ.

"ಸಾಯೋಗಂಟ ಆ ಹೆಣ್ಮಗಳನ್ನ ನಾನು ಹೊರಗೆ ನಿಲ್ಲಿಸ್ದೆ," ಎಂದ. "ನನ್ನ ಕೈಯಾಗೆ ಪಾಪ ಮಾಡಿಸ್ದೆ ಪಾಲಣ್ಣ. ಒಂದು ಮಾತು ನನ್ನ ಕಿವೀಗಾದ್ರೂ ಹೇಳಬೌದಿತ್ತಲ್ಲ." ಆಮೇಲೆ, "ಆ ಮಣ್ಣು ತೆಗೀಬ್ಯಾಡ ಅಂದೋನೂ ನಾನೇ ಬಿಡು," ಎಂದ.

"ಹಂಗಾರೆ ನನ್ನ ಸೊಸೆದು ಏನೂ ಇಲ್ಲ," ಎಂದಳು ಹುಲಿಗೆಮ್ಮ. ಯಾರನ್ನೂ ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡಳು. ಆಮೇಲೆ ಮರದ ಕಡೆ ತಿರುಗಿ, "ಬಾರೇ ದುರ್ಗಾ, ಮೀಸಲು ತಗಂಡು ಬಾ," ಎಂದು ಕರೆದಳು.

ದುರ್ಗಾ ಕದಲಲಿಲ್ಲ.

"ಬರಲ್ಲ ಅತ್ತೆ," ಎಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು. "ಒಂದು ವಾರ ನೀವೆಲ್ಲ ನಿಲ್ಲಿಸಿದ್ಕೆ ಇಲ್ಲಿ ನಿಂತೆ. ಈಗ ನಾನೇ ನಿಂತಿದೀನಿ. ಈ ನೆಲ ಒಡೆದು ಗಟ್ಟಿ ಮಾಡ್ರಿ, ಆಮೇಲೆ ಬರ್ತೀನಿ. ಟೊಳ್ಳು ನೆಲದ ಮೇಲೆ ಬೀಳೋಕೆ ನನಗೇನು ಹುಚ್ಚಾ?"

ಯಾರೋ ಕಿಸಕ್ಕೆಂದರು. ಮಂಜುನಾಥ ಎದ್ದುಹೋಗಿ ಅವಳ ಪಕ್ಕದಲ್ಲಿ ನಿಂತ. ಮಡಕೆಯನ್ನು ಚಿತ್ರಲಿಂಗಪ್ಪನೇ ಮರದವರೆಗೆ ಹೋಗಿ ಎರಡು ಕೈಯಲ್ಲಿ ಇಸಿದುಕೊಂಡು ಬಂದ. ಹಾಗೆ ಅವನು ನಿಂಗಕ್ಕನ ಹತ್ತಿರ ಒಂದು ದಿನವೂ ಹೋಗಿರಲಿಲ್ಲ.

ಜನ ಚದುರಿದ ಮೇಲೆ ನಾನು ರಾಗಿ ಬಳಿಯಲು ಬಗ್ಗಿದೆ. ಯಶೋದಾ ಬಂದು ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಳಿದಳು. ಅವಳ ಕಣ್ಣಲ್ಲಿ ನೀರಿಲ್ಲದ್ದು ಕಂಡು, ಏನಾದರೂ ಹೇಳುತ್ತಾಳೆಂದು ಕಾದೆ. ಹಟ್ಟಿಯ ಮುಂದೆ ನಿಂತು ಹೇಳಿದ್ದಕ್ಕೆ ಮಗಳ ಬಾಯಿಂದ ಒಂದು ಒಳ್ಳೆಯ ಮಾತು ಬರಬಹುದೆಂಬ ಆಸೆ ನನಗಿತ್ತು, ಮುಚ್ಚಿಡುವುದೇಕೆ.

"ಅವ್ವ ಇದ್ದಾಗ ಮನೇಲಿ ಒಂದು ಮೊರ ರಾಗಿ ಇರಲಿಲ್ವಾ ಅಪ್ಪ?" ಎಂದಳು.

ಮೊರ ಎತ್ತಿಕೊಂಡು ಮನೆಯ ಕಡೆ ನಡೆದಳು.

ಬುಧವಾರ ಬಡಗಲ ಹಾಸನ್ನು ಒಡೆದೆವು. ಮೊದಲ ಏಟು ನಾನೇ ಹಾಕಿದೆ. ಒಂದು ತುಂಡು ಎತ್ತಿ ಕೆಳಗೆ ಕೈ ಇಟ್ಟರೆ ಒಂದು ಗೇಣು ಬರಿಯ ಕತ್ತಲು. ಅದರ ಕೆಳಗೆ ತಣ್ಣನೆಯ ಪುಡಿಮಣ್ಣು, ಗೆದ್ದಲು. ತುಂಡುಗಳನ್ನು ಮಗುಚಿ ಹಾಕುತ್ತಾ ಹೋದೆವು. ಆಗ ಅವುಗಳ ಅಡಿಭಾಗ ಕಾಣಿಸಿತು. ಹಸಿ ಕಾಂಕ್ರೀಟು ಅಂದು ಮಣ್ಣಿನ ಮೇಲಿದ್ದ ಗುರುತುಗಳನ್ನೆಲ್ಲ ತುಂಬಿಕೊಂಡಿತ್ತು. ರೊಟ್ಟಿಯಗಲದ ದುಂಡು ಉಬ್ಬುಗಳು, ಸಾಲಿಗೆ ಸಾಲು, ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಏರಿದ ಹಾಗೆ. ಒಂದು ಅಂಗೈ ಜಾಗವೂ ತಪ್ಪಿರಲಿಲ್ಲ. ಬೇಡವೆಂದು ಹೇಳಿದ ಮಣ್ಣನ್ನೂ ಅವಳು ಹಾಗೆ ಬಡಿದಿದ್ದಳು. ಮಣ್ಣು ಇಳಿದುಹೋದ ಮೇಲೆಯೂ ಅವಳ ಕೆಲಸ ಕಾಂಕ್ರೀಟಿನಲ್ಲಿ ಉಳಿದಿತ್ತು.

ಎಲ್ಲರೂ ಸುತ್ತ ನಿಂತು ನೋಡಿದರು. ಯಶೋದಾ ಒಂದು ಗುರುತು ಪೂರ್ತಿ ಮೂಡಿದ್ದ ತುಂಡನ್ನು ಆರಿಸಿ ಸೊಂಟಕ್ಕೆ ಏರಿಸಿಕೊಂಡು ತನ್ನ ಮನೆಗೆ ಹೋದಳು.

ಕಪ್ಪು ಮಣ್ಣನ್ನು ಹಟ್ಟಿಯವರು ಗಾಡಿಯಲ್ಲಿ ಹೊಲಗಳಿಗೆ ಹೊಡೆದರು. ಚಿತ್ರಲಿಂಗಪ್ಪ ಮೊದಲ ಬುಟ್ಟಿಗೆ ಕೈಮುಗಿದು ತನ್ನ ಹೊಲಕ್ಕೇ ಹಾಕಿಸಿಕೊಂಡ. ಗರಸು ತಂದು, ಗೇಣು ದಪ್ಪದ ಪದರ ಪದರವಾಗಿ ಹರವಿ, ನೀರು ಕುಡಿಸಿ, ನಾನೇ ಬಡಿದೆ. ವಯಸ್ಸಾದ ಕೈ, ದಿನಕ್ಕೆ ಒಂದು ಮಂಚದಗಲ ಸಾಗಿದರೆ ಹೆಚ್ಚು. ಬೇರೆಯವರು ಬಂದರೆ ಬೇಡವೆಂದೆ. ದಿಮ್ಮಸ್ಸು ಹಿಡಿಯುವಾಗ ಅವಳ ಅಂಗೈ ಸವೆಸಿದ ಜಾಗದಲ್ಲೇ ನನ್ನ ಅಂಗೈ ಕೂರಬೇಕಾಗಿತ್ತು. ಬೇರೆ ಕಡೆ ಹಿಡಿದರೆ ಏಟು ನೆಟ್ಟಗೆ ಬೀಳದು. ಇಪ್ಪತ್ತಾರು ದಿನ ಹಿಡಿಯಿತು. ಮಣ್ಣು ಮಲಗಿತೋ ಇಲ್ಲವೋ ಎಂದು ನನ್ನ ಕಿವಿಯನ್ನು ನಾನು ನಂಬಲಿಲ್ಲ. ಯಶೋದಾಳನ್ನು ಕರೆಸಿ ಕುಕ್ಕಿ ತೋರಿಸಿದೆ. ಅವಳು ಒಂದೆರಡು ಕಡೆ "ಇಲ್ಲಿನ್ನೂ ಇಲ್ಲ" ಎಂದಳು. ಮತ್ತೆ ಬಡಿದೆ.

ಹೊಸ ಹಾಸು ನೀರುಂಡು ಆರಿದ ಮೇಲೆ, ಮಾಘದ ಒಂದು ಸೋಮವಾರ ದುರ್ಗಾ ಮೀಸಲು ಹೊತ್ತು ಬಡಗಲ ಕಡೆಯಿಂದ ನಡೆದು ಬಂದಳು. ನಾನು ಬನ್ನಿಮರದ ಬುಡದಲ್ಲಿ ನಿಂತಿದ್ದೆ. ಆ ಬುಧವಾರದಿಂದ ಗುಡಿಯ ಕೆಲಸಕ್ಕಲ್ಲದೆ ಸೇವೆಗೆಂದು ನಾನು ಆ ನೆಲ ಮೆಟ್ಟಿಲ್ಲ. ಯಾರೂ ಹಾಗೆ ಹೇಳಿಲ್ಲ. ಒಳಗೆ ಬಾ ಎಂದು ಯಾರೂ ಒತ್ತಾಯ ಮಾಡಿಯೂ ಇಲ್ಲ. ನಿಂಗಕ್ಕ ನಿಂತ ಜಾಗ ಯಾವುದೆಂದು ಮಣ್ಣು ನೋಡಿದರೆ ತಿಳಿಯುತ್ತದೆ. ಅಲ್ಲಿ ಹುಲ್ಲು ಬೆಳೆದಿಲ್ಲ.

ದುರ್ಗಾ ದೇವರ ಮುಂದೆ ಮಡಕೆ ಇಳಿಸುವಾಗ ಗುಡ್ಡದ ಆಚೆ ಸಿಡಿಯಿತು. ನೆಲ ಸುಮ್ಮನಿತ್ತು. ಬರಿಯ ಗುಡ್ಡದ ಸದ್ದು ಬಂದು ಹೋಯಿತು. ಜನ ಅಭ್ಯಾಸಬಲದಿಂದ ಕೈ ಎತ್ತಿದವರು, ಮುಗಿಯಬೇಕೋ ಬೇಡವೋ ತಿಳಿಯದೆ ಇಳಿಸಿದರು.

ಹುಲಿಗೆಮ್ಮ ಹೊರಗೆ ಬರುವಾಗ ನನ್ನ ಮುಂದೆ ನಿಂತಳು.

"ಒಳ್ಳೇದಾತು ಅನ್ನು ಪಾಲಣ್ಣ," ಎಂದಳು. "ಆದ್ರೂ ಗುಡಿ ಬಿಕೋ ಅಂತೈತೆ. ಬೀರಪ್ಪ ಮಾತು ಬಿಟ್ಟಂಗಾತು ನೋಡು."

ನಾನು ತಲೆ ತಗ್ಗಿಸಿದೆ. ಈ ಸಲ ಅದನ್ನು ಯಾರೂ ವಿನಯವೆಂದುಕೊಳ್ಳಲಿಲ್ಲ.